ಮಗಳಿಗೊಂದು ಪತ್ರ: ಚರ್ಚಿಗೆ ಮರಳಿದ ದನಿ

ಪುಟ್ಟಿ,

ಭಾನುವಾರ ನೀನು ಕಳಿಸಿದ ಅಲ್ ಗ್ರೀನ್ ಅವರ ಹಾಡು 'ಲೆಟ್ಸ್ ಸ್ಟೇ ಟುಗೆದರ್' ಕೇಳಿದೆ. ಅವರೆಕಾಯಿ ಬಿಡಿಸುತ್ತಾ ಹಾಕಿಕೊಂಡಿದ್ದು, ಕಾಯಿ ಮುಗಿದರೂ ಎದ್ದೇಳಲಿಲ್ಲ. "ಇಷ್ಟು ಹೆಸರು ಬಂದಮೇಲೆ ಇವರು ಯಾಕಮ್ಮ ಪಾದ್ರಿ ಆದರು?" ಅಂತ ಕೇಳಿದೆಯಲ್ಲ, ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ.

ಅಲ್ ಗ್ರೀನ್ ಹುಟ್ಟಿದ್ದು 1946ರಲ್ಲಿ, ಅಮೆರಿಕದ ಅರ್ಕನ್ಸಾದಲ್ಲಿ. ಚಿಕ್ಕಂದಿನಲ್ಲಿ ಅಣ್ಣತಮ್ಮಂದಿರ ಜೊತೆ ಹಾಡುತ್ತಿದ್ದುದೇ ಗಾಸ್ಪೆಲ್, ಅಂದರೆ ಚರ್ಚಿನ ಹಾಡು. ಹುಡುಗ ಚರ್ಚಿನ ಹಾಡು ಬಿಟ್ಟು ಜಾಕಿ ವಿಲ್ಸನ್ ಅನ್ನೋ ಪಾಪ್ ಗಾಯಕನ ಹಾಡು ಕೇಳುತ್ತಾನೆ ಅಂತ ಅಪ್ಪ ಮನೆಯಿಂದಲೇ ಆಚೆ ಹಾಕಿದರು. ಪಾಪ, ಆ ವಯಸ್ಸಿನಲ್ಲಿ!

ಆಮೇಲೆ ಮೆಂಫಿಸ್ ಊರಿನ ರಾಯಲ್ ಸ್ಟುಡಿಯೋ. ಅದು ಮೊದಲು ಸಿನಿಮಾ ಟಾಕೀಸು, ನೆಲ ಈಗಲೂ ಇಳಿಜಾರು. ಅಲ್ಲಿ ಹಾಡು ಮಾಡಿಸುತ್ತಿದ್ದ ವಿಲ್ಲಿ ಮಿಚೆಲ್ ಇವರಿಗೆ, ಬೇರೆಯವರ ಹಾಗೆ ಕೂಗಬೇಡ, ಮೆತ್ತಗೆ ಹಾಡು ಅಂದರು. ನೀನು ಕಳಿಸಿದ್ದರಲ್ಲಿ ದನಿ ಕಿವಿಯ ಹತ್ತಿರವೇ ಇರುತ್ತದೆ, ಅಲ್ವಾ? ಕೆಲವು ಕಡೆ ಬರೀ ಉಸಿರು. 1972ರಲ್ಲಿ ಅದು ಅಮೆರಿಕದಲ್ಲಿ ನಂಬರ್ ಒನ್ ಆಯಿತು.

1974ರಲ್ಲಿ ಒಂದು ಕೆಟ್ಟ ರಾತ್ರಿ. ಸ್ನೇಹಿತೆಯೊಬ್ಬಳು ಕುದಿಯುವ ಜೋಳದ ಗಂಜಿಯನ್ನು ಅವರ ಮೈಮೇಲೆ ಸುರಿದಳು, ಆಮೇಲೆ ತನ್ನ ಜೀವ ತೆಗೆದುಕೊಂಡಳು. ಇದರಿಂದಲೇ ಬದಲಾದರು ಅಂತ ತುಂಬಾ ಜನ ಬರೆಯುತ್ತಾರೆ. ಆದರೆ 1973ರಲ್ಲೇ ಮನಸ್ಸು ದೇವರ ಕಡೆ ತಿರುಗಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ನಾನು ಅವರ ಮಾತನ್ನೇ ನಂಬುತ್ತೇನೆ.

1976ರಲ್ಲಿ ಮೆಂಫಿಸ್‌ನಲ್ಲೇ ಒಂದು ಚರ್ಚು ಕೊಂಡು ಪಾದ್ರಿಯಾದರು. ಆದರೂ ಪ್ರೇಮಗೀತೆ ತಕ್ಷಣ ಬಿಡಲಿಲ್ಲ. ಮರುವರ್ಷ ಮಿಚೆಲ್ ಇಲ್ಲದೆ ತಾವೇ ಮಾಡಿದ ಆಲ್ಬಂನಲ್ಲಿ 'ಬೆಲ್' ಅನ್ನೋ ಹಾಡಿದೆ. ನಿನ್ನ ಮೇಲೆ ಆಸೆಯೂ ಇದೆ, ಆದರೆ ನನಗೆ ದೇವರು ಬೇಕೇ ಬೇಕು ಅಂತ ಹುಡುಗಿಗೆ ಹೇಳುವ ಹಾಡು. ಅಷ್ಟು ಪ್ರೀತಿಯಿಂದ ಹಾಗೆ ಹೇಳೋದು ಎಷ್ಟು ಕಷ್ಟ! 1979ರಲ್ಲಿ ಸಿನ್ಸಿನಾಟಿಯಲ್ಲಿ ಹಾಡುವಾಗ ವೇದಿಕೆಯಿಂದ ಬಿದ್ದರು. ಅದು ದೇವರ ಎಚ್ಚರಿಕೆ ಅಂದುಕೊಂಡು ಬಹಳ ವರ್ಷ ಗಾಸ್ಪೆಲ್ಲನ್ನೇ ಹಾಡಿದರು. ಮೊದಲ ಗ್ರ್ಯಾಮಿ ಪ್ರಶಸ್ತಿ ಬಂದಿದ್ದು ಆ ಹಾಡುಗಳಿಗೇ.

ನಿನ್ನೆ ರಾತ್ರಿ 1980ರ 'ದಿ ಲಾರ್ಡ್ ವಿಲ್ ಮೇಕ್ ಎ ವೇ' ಕೇಳಿದೆ. ಚರ್ಚಿನ ಹಾಡಂದರೆ ಜೋರಾಗಿರುತ್ತೆ ಅಂದುಕೊಂಡಿದ್ದೆ. ಜೋರೂ ಇದೆ. ಆದರೆ ನಡುನಡುವೆ ಅದೇ ಮೆತ್ತಗಿನ ದನಿ, ಅದೇ ಉಸಿರು. ಪ್ರೀತಿಸಿದವಳ ಹತ್ತಿರ ಹೇಗೆ ಬೇಡಿಕೊಂಡಿದ್ದರೋ ದೇವರ ಹತ್ತಿರವೂ ಹಾಗೇ ಬೇಡಿಕೊಳ್ಳುತ್ತಾರೆ. ನನಗೆ ಕಣ್ಣು ತುಂಬಿ ಬಂತು ಕಣೇ.

2003ರಲ್ಲಿ ಮತ್ತೆ ಮಿಚೆಲ್ ಜೊತೆ ಸೇರಿ ಪ್ರೇಮಗೀತೆಗಳನ್ನೂ ಹಾಡಿದರು. ಅದನ್ನು ಇನ್ನೂ ಕೇಳಿಲ್ಲ, ನೀನು ಊರಿಗೆ ಬಂದಾಗ ಒಟ್ಟಿಗೆ ಕೇಳೋಣ. ಅಷ್ಟರಲ್ಲಿ ನೀನು 'ಬೆಲ್' ಕೇಳಿರು.

ನಿನ್ನ
ಅಮ್ಮ