ನಿನ್ನ ನೋಟ್‌ಬುಕ್ಕಿನ ಮೊದಲ ಪುಟ

ಮಾಗಡಿ, ಶಿರಹಟ್ಟಿ ತಾಲ್ಲೂಕು

ಚಿರಂಜೀವಿ ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನೀನು ಮನೆ ಬಿಟ್ಟು ಇಂದಿಗೆ ಎಂಟು ದಿನವಾಯಿತು. ಲೇಹ್ ಮುಟ್ಟಿದ ಸುದ್ದಿಯನ್ನು ನೀನು ನಿನ್ನ ಅವ್ವನಿಗೆ ಫೋನ್ ಮಾಡಿ ತಿಳಿಸಿದೆ. ಅವಳು ಫೋನನ್ನು ನನ್ನ ಕೈಗೆ ಕೊಡುವಷ್ಟರಲ್ಲಿ ಕರೆ ನಿಂತುಹೋಗಿತ್ತು. ಕನ್ಯೆ ನೋಡಲು ಬಂದವರ ಎದುರು ನಮ್ಮ ಪಡಸಾಲೆಯಲ್ಲಿ ಅಂದು ಏನಾಯಿತೆಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. "ಮದುವಿ ಆದಮ್ಯಾಲ ಈ ಹಕ್ಕಿ ಹುಚ್ಚು ತಾನಾ ಬಿಡತೈತ್ರಿ" ಎಂಬ ಮಾತು ನನ್ನ ಬಾಯಿಂದಲೇ ಬಂದದ್ದು, ಅದಕ್ಕೆ ಬೇರೆ ಯಾರನ್ನೂ ಹೊಣೆ ಮಾಡಲಾರೆ. ತಪ್ಪಾಯಿತು ಯವ್ವಾ. ಆದರೆ ಈ ಕಾಗದವನ್ನು ಆ ತಪ್ಪಿಗಾಗಿ ಬರೆಯುತ್ತಿಲ್ಲ. ಅದಕ್ಕಿಂತ ಹಳೆಯದೊಂದು ಇದೆ.

ನೀನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷದ ಡಿಸೆಂಬರ್ ತಿಂಗಳು. ಕೆರೆಯ ಕೆಳಗಿನ ನಮ್ಮ ಎರಿ ಹೊಲದಲ್ಲಿ ಕಡಲೆ ಒಂದು ಗೇಣು ಎದ್ದಿತ್ತು. ಬೀಜಕ್ಕೂ ಗೊಬ್ಬರಕ್ಕೂ ಸಾಲ ಮಾಡಿದ್ದೆ. ಹಗಲೆಲ್ಲ ಕೆರೆಯ ನೀರಿನ ಮೇಲೆ ಸಾಧುವಿನಂತೆ ಕೂಡುವ ಹೆಬ್ಬಾತುಗಳು ಇರುಳಿನಲ್ಲಿ ಹೊಲಕ್ಕಿಳಿದು, ಬಡಗಣ ಮೂಲೆಯ ಬೆಳೆಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮೇಯ್ದು ಹೋಗಿದ್ದವು. ಮರುದಿನ ನಸುಕಿನಲ್ಲಿಯೇ ನಾನು ನಿನ್ನ ಮುತ್ತ್ಯಾ ಹೆಣೆದಿದ್ದ ಕವಣೆ ಹಿಡಿದು ಹೊರಟೆ. ನಾನೂ ಬರುತ್ತೇನೆಂದು ನೀನು ಹಟ ಹಿಡಿದೆ. ಮಂಜು ಬಿದ್ದಿತ್ತು. ನೀನು ಹಿಂದೆ ಬದುವಿನ ಮೇಲೆ ಕುಳಿತು ಸೆರಗಿನ ಹಾಗೆ ಸ್ವೆಟರನ್ನು ತಲೆಯ ಮೇಲೆ ಎಳೆದುಕೊಂಡಿದ್ದೆ. ನಾನು ಕೂಗು ಹಾಕಿದೆ, ಹಿಂಡು ಒಮ್ಮೆಲೇ ಎದ್ದಿತು, ನಾನು ಕವಣೆ ಬೀಸಿದೆ. ಹಿಂಡಿನ ಮೇಲಿಂದ ಹಾರಿ ಹೋಗಬೇಕಾಗಿದ್ದ ಕಲ್ಲು ಹಾಗೆ ಹೋಗಲಿಲ್ಲ.

ನೀನು ಓಡಿ ಬಂದು, "ಏನಾತಪ್ಪಾ ಇದಕ್ಕ?" ಎಂದು ಕೇಳಿದೆ. ಪಂಪ್‌ಸೆಟ್ಟಿಗೆ ಹೋಗುವ ವಿದ್ಯುತ್ ತಂತಿ ತಲೆಯ ಮೇಲೆಯೇ ಇತ್ತು. "ತಂತಿಗಿ ಬಡೀತವ್ವಾ" ಎಂದೆ. ಕವಣೆಯನ್ನು ಮಡಚಿ ಅಂಗಿಯ ಒಳಗೆ ಇಟ್ಟುಕೊಂಡದ್ದೂ ನೆನಪಿದೆ.

ಆ ಹಕ್ಕಿಯನ್ನು ನೀನು ಸ್ವೆಟರಿನಲ್ಲಿ ಸುತ್ತಿ ತಂದು ಜೋಳದ ಬುಟ್ಟಿಯಲ್ಲಿ ಇಟ್ಟೆ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಕೊಕ್ಕಿನ ತುದಿಯಲ್ಲಿ ಕಪ್ಪು. ನೆನೆಸಿದ ಕಡಲೆ ಇಟ್ಟೆ, ಮುಟ್ಟಲಿಲ್ಲ. ರಾತ್ರಿ ಅದರ ಎದೆಯ ಮೇಲೆ ಕೈಯಿಟ್ಟು, "ಅಪ್ಪಾ, ಇದರ ಎದಿ ನನಗಿಂತ ಜೋರ ಬಡಕೊಳ್ಳಾಕ ಹತ್ತೈತಿ" ಎಂದೆ. ನಾನು ಕಂದೀಲಿನ ಬೆಳಕಿನಲ್ಲಿ ಮಕ್ಕಳ ಪರೀಕ್ಷೆಯ ಪೇಪರುಗಳನ್ನು ತಿದ್ದುತ್ತಿದ್ದೆ, ತಲೆ ಎತ್ತಲಿಲ್ಲ. ಬೆಳಕು ಹರಿಯುವ ಮೊದಲೇ ಅದು ಸತ್ತಿತು. ಬೇವಿನ ಗಿಡದ ಬುಡದಲ್ಲಿ ಹೂಳಿ ಬಂದ ಮೇಲೆ ನೀನು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಖು ಹಾಕಿ, "ಹೆಬ್ಬಾತು 1. ಕಾರನ: ತಂತಿ" ಎಂದು ಬರೆದು ನನಗೆ ತೋರಿಸಿದೆ. ಮಾಸ್ತರನಾದ ನಾನು ಕೆಂಪು ಶಾಯಿಯ ಪೆನ್ನು ತೆಗೆದುಕೊಂಡು "ಕಾರನ" ಎಂಬುದನ್ನು "ಕಾರಣ" ಎಂದು ತಿದ್ದಿದೆ. ಅಕ್ಷರವನ್ನು ತಿದ್ದಿದೆ, ಕಾರಣವನ್ನು ತಿದ್ದಲಿಲ್ಲ.

ಅದು ನನ್ನ ಕಲ್ಲು.

ಸಣ್ಣ ಮಗಳು ಅಳಬಾರದೆಂದು ಹೇಳಿದ ಸುಳ್ಳು ಎಂದು ಹಲವು ವರ್ಷ ಸಮಾಧಾನ ಹೇಳಿಕೊಂಡೆ. ಆದರೆ ನೀನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ನೌಕರಿಗೆ ರಾಜೀನಾಮೆ ಕೊಟ್ಟು, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗೆ ಅರ್ಜಿ ಹಾಕುವಾಗ, ತಂತಿಗೆ ಬಡಿದು ಸತ್ತ ಆ ಹಕ್ಕಿಯೇ ನನ್ನನ್ನು ಈ ದಾರಿಗೆ ಹಚ್ಚಿತು ಎಂದು ಬರೆದು ನನಗೆ ಓದಿ ಹೇಳಿದೆಯಲ್ಲ, ಆಗ ಹೇಳಬೇಕಾಗಿತ್ತು. ಮುಂದೆ ನೀನು ವಿದ್ಯುತ್ ಮಾರ್ಗಗಳ ಕೆಳಗೆ ಬಿದ್ದ ಹಕ್ಕಿಗಳನ್ನು ಹುಡುಕುತ್ತ ಎರಡು ಚಳಿಗಾಲ ಕಂಬದಿಂದ ಕಂಬಕ್ಕೆ ನಡೆದೆ. ಪ್ರತಿ ಸಂಜೆ ನೀನು ಕಾಲಿನ ಮುಳ್ಳು ತೆಗೆದುಕೊಳ್ಳುತ್ತ ಕುಳಿತಾಗ ಈ ಮಾತು ನನ್ನ ನಾಲಿಗೆಯ ತುದಿಗೆ ಬಂದು ಹಿಂದೆ ಹೋಗಿದೆ. ಪಕ್ಷಿತಜ್ಞ ಸಲೀಂ ಅಲಿಯವರು ಹುಡುಗನಿದ್ದಾಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕೊರಳಿನಲ್ಲಿ ಹಳದಿ ಬಣ್ಣ ಕಂಡು, ಇದು ಯಾವ ಹಕ್ಕಿ ಎಂದು ಕೇಳಲು ಅದನ್ನು ಹಿಡಿದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಕಥೆಯನ್ನು ನೀನು ಒಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಿದೆ. ನನ್ನ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಅವರು ಹೊಡೆದದ್ದನ್ನು ಜಗತ್ತಿಗೆ ಹೇಳಿದರು. ನಾನು ಹೆತ್ತ ಮಗಳಿಗೆ ಹೇಳಲಿಲ್ಲ.

ತಂತಿಗೆ ಬಡಿದು ದೊಡ್ಡ ಹಕ್ಕಿಗಳು ಸಾಯುತ್ತವೆ ಎಂಬುದು ಸುಳ್ಳಲ್ಲವೆಂದು ನನಗೆ ಗೊತ್ತಿದೆ. ಒಂದು ಕಾಲಕ್ಕೆ ನಮ್ಮ ರಾಣೇಬೆನ್ನೂರಿನ ಹುಲ್ಲುಗಾವಲಿನಲ್ಲಿಯೂ ಇದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯನ್ನು ಉಳಿಸಲು, ರಾಜಸ್ಥಾನ ಮತ್ತು ಗುಜರಾತಿನಲ್ಲಿ ತಂತಿಗಳನ್ನು ನೆಲದೊಳಗೆ ಹಾಕಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಆ ಸುದ್ದಿಯನ್ನು ನನಗೆ ತೋರಿಸಿದವಳು ನೀನೇ. ನಿನ್ನ ಕೆಲಸ ನಿಜವಾದದ್ದು. ಅದರ ಬುನಾದಿಯ ಮೊದಲ ಕಲ್ಲನ್ನು ನಾನು ಸೊಟ್ಟಾಗಿ ಇಟ್ಟೆನಲ್ಲ ಎಂಬುದೊಂದೇ ನನ್ನನ್ನು ಕೊರೆಯುತ್ತಿದೆ. ಇದನ್ನು ಓದಿದ ಮೇಲೆ ನೀನು ನಡೆದು ಬಂದ ದಾರಿಯೇ ಸುಳ್ಳು ಎಂದುಕೊಂಡು ಬಿಟ್ಟರೆ? ಇಲ್ಲ, ನೀನು ಹಾಗೆ ಮಾಡುವವಳಲ್ಲ. ಹಾಗೆಂದು ಹೇಳಿಕೊಂಡರೂ ರಾತ್ರಿ ನಿದ್ದೆ ಬರುವುದಿಲ್ಲ.

ನಮ್ಮ ಕಡೆ ಹಕ್ಕಿ ಕಾಯುವುದೆಂದರೆ ಶಾಲೆ ಬಿಟ್ಟ ಹುಡುಗರ ಕೆಲಸ. ಜೋಳ ಹಾಲುಗಾಳಾದಾಗ ಮಂಚಿಗೆಯ ಮೇಲೆ ನಿಂತು ಡಬ್ಬಿ ಬಡಿಯುವುದು. "ಮಾಸ್ತರ ಮಗಳು ಇಂಜಿನಿಯರ್ ಕಲತು ಹಕ್ಕಿ ಕಾಯಾಕ ಹೋದಳು" ಎಂದು ಕಟ್ಟೆಯ ಮೇಲೆ ಆಡಿಕೊಂಡಾಗ ನಾನು ಎದ್ದು ಬರಬೇಕಾಗಿತ್ತು, ತಲೆ ತಗ್ಗಿಸಿ ಕುಳಿತೆ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದಾಗ ಜನ ಎಷ್ಟೆಲ್ಲ ಹಂಗಿಸಿದರೆಂದು ತರಗತಿಯಲ್ಲಿ ಎಷ್ಟೋ ವರ್ಷ ಕಂಠ ತುಂಬಿ ಹೇಳಿದವನು ನಾನು. ಆ ಪಾಠ ನನ್ನ ಮನೆಯ ಹೊಸ್ತಿಲು ದಾಟಲಿಲ್ಲ. 2024ರಲ್ಲಿ ನಮ್ಮ ಮಾಗಡಿ ಕೆರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿ, ಕೆರೆ ನೋಡಲು ಬಂದವರಿಗೆ ಅದೇ ಕಟ್ಟೆಯ ಜನ, "ಮಾಸ್ತರ ಮಗಳನ್ನ ಕೇಳ್ರಿ, ಆಕಿಗೆ ಎಲ್ಲಾ ಗೊತ್ತೈತಿ" ಎಂದು ಹೇಳಿದ ದಿನ ನಾನು ಮನೆಗೆ ಬಂದು ನಿನ್ನ ಅವ್ವನಿಗೆ ಎರಡು ಸಲ ಹೇಳಿದೆ. ನಿನಗೆ ಹೇಳಲಿಲ್ಲ.

ಇನ್ನು ಕೆಲವು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಪ್ರಾಜೆಕ್ಟ್ ಹದಿನೆಂಟು ತಿಂಗಳಿನದು. ಅದು ಮುಗಿದ ಮೇಲೆ ಮುಂದಿನದು ಸಿಗುವವರೆಗೆ ಬದುಕಲು ಆರು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿ ಇಡು. ಹಂಗಿನಲ್ಲಿರುವವನು ತನಗೆ ಕಂಡದ್ದನ್ನು ಕಂಡ ಹಾಗೆ ಬರೆಯಲಾರ. ಆರೋಗ್ಯ ವಿಮೆ ಮಾಡಿಸು. ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ, ನೀನು ಹೋಗಲಿರುವ ತ್ಸೋ ಮೊರಿರಿ ಸರೋವರ 4,500 ಮೀಟರ್ ಎತ್ತರದಲ್ಲಿ. ಅಲ್ಲಿ ಮೊಟ್ಟೆಯಿಡುವ ಹೆಬ್ಬಾತು ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ, ತೆಳುವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಹಿಡಿದುಕೊಳ್ಳುವ ಗುಣ ಅದರ ರಕ್ತಕ್ಕಿದೆ ಎಂದು ನೀನೇ ಕಲಿಸಿದ್ದೀ. ನಿನ್ನ ರಕ್ತ ಎರಿ ಭೂಮಿಯದು, ಯವ್ವಾ. ತಲೆ ನೋಯತೊಡಗಿದರೆ ಹಟ ಮಾಡದೆ ಕೆಳಗೆ ಇಳಿ. ಇದರಲ್ಲಿ ಮರ್ಯಾದೆಯ ಪ್ರಶ್ನೆಯಿಲ್ಲ.

ವರನ ಕಡೆಯವರಿಗೆ ನಿನ್ನೆ ನಾನೇ ಫೋನ್ ಮಾಡಿದೆ. ನನ್ನ ಮಗಳು ಈ ಕೆಲಸವನ್ನು ಬಿಡುವುದಿಲ್ಲ, ಅಂದು ನಾನು ಹೇಳಿದ್ದು ತಪ್ಪು ಎಂದು ತಿಳಿಸಿದೆ. ಅವರು ಆಯಿತೆಂದರು, ಮುಂದೆ ಮಾತು ಬೆಳೆಯಲಿಲ್ಲ.

ಕೆರೆಯಲ್ಲಿ ಈಗ ಒಂದೂ ಹೆಬ್ಬಾತು ಇಲ್ಲ, ನೀರು ಅಂಚಿನಿಂದ ಒಳಗೆ ಸರಿದಿದೆ. ನವೆಂಬರಿನಲ್ಲಿ ಅವು ಮರಳಿದಾಗ ಬೆಳಿಗ್ಗೆ ಏರಿಯ ಮೇಲೆ ನಿಂತು ನೀನು ಎಣಿಸುವ ಹಾಗೆಯೇ, ಹತ್ತು ಹತ್ತರ ಗುಂಪು ಮಾಡಿ, ನಾನು ಎಣಿಸಿ ಬರೆದಿಡುತ್ತೇನೆ. ನಿನ್ನ ಆ ಹಳೆಯ ನೋಟ್‌ಬುಕ್ ಅಟ್ಟದ ಟ್ರಂಕಿನಲ್ಲಿದೆ, ನಿನ್ನೆ ತೆಗೆದು ನೋಡಿದೆ. ಮೊದಲ ಪುಟದಲ್ಲಿ ಕೆಂಪು ಶಾಯಿಯ "ಣ" ಇನ್ನೂ ಮಾಸಿಲ್ಲ. ಪೆನ್ನು ಕೈಯಲ್ಲಿತ್ತು, ಆದರೆ ಅದು ನಿನ್ನ ದಾಖಲೆ. ಬಂದಾಗ ನೀನೇ ತಿದ್ದು.

ನಿನ್ನ ಅವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ. ಪಾರ್ಸೆಲ್ ಮುಟ್ಟುವಂಥ ವಿಳಾಸವನ್ನು ಅವಳಿಗಾದರೂ ತಿಳಿಸು.

ಇಂತಿ,
ನಿನ್ನ ಅಪ್ಪ