ಕಣದಲ್ಲಿ ಉಳಿದ ಚಪ್ಪಲಿ

ಪ್ರೀತಿಯ ಪುಟ್ಟಿ,

ನನ್ನ ಕಾಲಿಗೆ ಏನಾಗಿದೆ ಅಂತ ನೀನು ಫೋನಿನಲ್ಲಿ ಕೇಳಿದಾಗಲೆಲ್ಲ "ಏನಿಲ್ಲ ಕಣಮ್ಮ, ವಯಸ್ಸಾಯ್ತಲ್ವಾ" ಅಂತ ತಳ್ಳಿಹಾಕಿದೆ. ಅದು ತಪ್ಪು. ನಿನ್ನಿಂದ ಮುಚ್ಚಿಡಬಾರದಿತ್ತು.

ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿದ್ದೆವು. ಸಂಜೆ ಒಳಗೆ ಬಂದರೆ ನಿಮ್ಮಮ್ಮ "ಒಂದು ಚಪ್ಪಲಿ ಎಲ್ರೀ?" ಅಂದಳು. ಬಲಗಾಲು ಬರಿದಾಗಿತ್ತು. ಚಪ್ಪಲಿ ಕಣದ ಅಂಚಲ್ಲೇ ಕಳಚಿ ಬಿದ್ದಿತ್ತು. ಅಲ್ಲಿಂದ ಮನೆವರೆಗೂ ಜಲ್ಲಿ. ಆದರೂ ನನಗೆ ಗೊತ್ತೇ ಆಗಿರಲಿಲ್ಲ. ಆಮೇಲೆ ಪಾದಕ್ಕೆ ಸದಾ ಜೋಮು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಮೈ ವಾಲುತ್ತಿತ್ತು. ಏಪ್ರಿಲ್ ಹೊತ್ತಿಗೆ ಮಣೆಯಿಂದ ಏಳಲು ಗೋಡೆ ಹಿಡಿಯಬೇಕಾಯಿತು.

ಮೊದಲು ತೋರಿಸಿದ ಕಡೆ ವಿಟಮಿನ್ ಮಾತ್ರೆ ಬರೆದು ಕಳಿಸಿದರು. ಸಕ್ಕರೆ, ಥೈರಾಯ್ಡ್, ಬಿ12 ಎಲ್ಲ ಸರಿಯಿತ್ತು. ಇಂಥ ಜೋಮಿಗೆ ಸಕ್ಕರೆ ಕಾಯಿಲೆಯೇ ದೊಡ್ಡ ಕಾರಣ, ಅದಿಲ್ಲ ಅಂದಮೇಲೆ ವಯಸ್ಸೇ ಇರಬೇಕು ಅಂತ ನಾನೂ ಸುಮ್ಮನಾದೆ. ಹಾಗೇ ಎರಡು ತಿಂಗಳು ಹೋಯಿತು.

ಹೋದ ವಾರ ಸಕಲೇಶಪುರದಿಂದ ಹಾಸನಕ್ಕೆ ಹೋಗಿ ನರದ ಡಾಕ್ಟರಿಗೆ ತೋರಿಸಿದೆ. ಅವರು ಟ್ಯೂನಿಂಗ್ ಫೋರ್ಕ್ ತಟ್ಟಿ ಕಾಲಿನ ಹೆಬ್ಬೆರಳ ಮೂಳೆ ಮೇಲೆ ಇಟ್ಟರು. ಅದನ್ನೇ ತಟ್ಟಿ ತೋರಿಸಿ ಎಷ್ಟು ವರ್ಷ ಮಕ್ಕಳಿಗೆ ಶಬ್ದದ ಪಾಠ ಮಾಡಿದ್ದೇನೆ! ನಡುಗುವುದು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಏನೂ ಇಲ್ಲ. ಎದೆಮೂಳೆ ಮೇಲಿಟ್ಟಾಗ ಜುಮ್ಮೆಂದಿತು. ಆಗ ನಿಜವಾಗಿ ಹೆದರಿಕೆಯಾಯಿತು ಪುಟ್ಟಿ.

ಮಂಡಿಗೆ ಸುತ್ತಿಗೆ ತಟ್ಟಿದರೆ ಕಾಲು ಎಗರಲಿಲ್ಲ. ಆಮೇಲೆ ನರದ ಟೆಸ್ಟ್. ಸಣ್ಣ ಶಾಕ್ ಕೊಟ್ಟು ಅದು ನರದಲ್ಲಿ ಎಷ್ಟು ಬೇಗ ಓಡುತ್ತದೆ ಅಂತ ಅಳೆಯುತ್ತಾರೆ. ಕಾಲಲ್ಲಿ ಸೆಕೆಂಡಿಗೆ ಸುಮಾರು 40 ಮೀಟರ್ ಆದರೂ ಇರಬೇಕು, ನನ್ನದು 24. ನರದ ಮೇಲಿನ ಹೊದಿಕೆಯನ್ನು ಮೈಯ ರೋಗನಿರೋಧಕ ಶಕ್ತಿಯೇ ತಿನ್ನುತ್ತಿರಬಹುದಂತೆ. ಸಿಐಡಿಪಿ ಅನ್ನುತ್ತಾರೆ. "ವಯಸ್ಸಾದರೆ ಕಾಲು ನಿಧಾನ ಆಗುತ್ತೆ ಮೇಷ್ಟ್ರೇ, ಹೀಗೆ ತಿಂಗಳಿಂದ ತಿಂಗಳಿಗೆ ಸೋಲಲ್ಲ. 8 ವಾರ ದಾಟಿಯೂ ಜಾಸ್ತಿ ಆಗ್ತಿದ್ರೆ ಇದನ್ನು ಹುಡುಕಲೇಬೇಕು" ಅಂದರು. ಇದಕ್ಕೆ ಔಷಧಿ ಇದೆ, ಸ್ಟೀರಾಯ್ಡ್ ಇಲ್ಲವೇ ಇಮ್ಯುನೋಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ರೋಗನಿರೋಧಕ ಪ್ರೋಟೀನ್). ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಮಂಗಳವಾರ ಬೆನ್ನಿನಿಂದ ನೀರು ತೆಗೆದು ಪ್ರೋಟೀನ್ ಎಷ್ಟಿದೆ ಅಂತ ನೋಡುತ್ತಾರೆ. ನಿಮ್ಮಮ್ಮ ಒಬ್ಬಳೇ ಆಗುತ್ತಾಳೆ. ನಿನಗೆ ಬರೋಕೆ ಆಗುತ್ತಾ? ಬರುವಾಗ ಹಿಂದೆ ಪಟ್ಟಿ ಇರುವ ಚಪ್ಪಲಿ ತಗೊಂಡು ಬಾ. ಅಳತೆ 8.

ಇಂತಿ,
ನಿನ್ನ ಅಪ್ಪ