ಅಡಿಕೆ ಸುಲಿಯೋ ರಾತ್ರಿಯ ಸಿನಿಮಾಗಳು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಲ್ಲಿ ಕೇಳ್ದೆ ನೀನು, ಈಗ ಯಾವ ಸಿನಿಮಾ ಬೇಕಾದ್ರೂ ಮೊಬೈಲಲ್ಲೇ ಸಿಗುತ್ತಲ್ಲ ಮಾರಾಯ, ಇನ್ನೂ ಯಾಕೆ ಆ ದೂರದರ್ಶನದ ರಾತ್ರಿ ಸಿನಿಮಾ ಅಂತ ಹೇಳ್ತಾ ಇರ್ತೀಯ ಅಂತ. ನೀನು ಡ್ಯೂಟಿಗೆ ಹೊರಟಿದ್ದೆ, ಸರಿಯಾಗಿ ಹೇಳೋಕಾಗ್ಲಿಲ್ಲ, ಅದಕ್ಕೇ ಬರೀತಿದೀನಿ. ಎಲ್ಲರಿಗೂ ಕಾಣೋ ಹಾಗೇ ಹಾಕ್ತಿದೀನಿ, ನಮ್ಮ ಮಲೆನಾಡು ಕಡೆಯವರು ಓದಿದ್ರೆ ಅವರಿಗೂ ಅವರವರ ಮನೆ ಅಂಗಳ ನೆನಪಾಗ್ಲಿ.

ನಂಗೆ ರಾತ್ರಿ ಸಿನಿಮಾ ಅಂದ್ರೆ ಅಡಿಕೆ ಸುಲಿತ. ಎರಡನ್ನೂ ಬೇರೆ ಮಾಡಿ ನೆನೆಸ್ಕೊಳ್ಳೋಕೇ ಬರಲ್ಲ. ಮರದಿಂದ ಕೊನೆ (ಅಡಿಕೆ ಗೊನೆ) ಇಳಿಸಿದ ಮೇಲೆ ಹಸಿ ಅಡಿಕೆನ ಇಟ್ಕೊಂಡು ಕೂರೋ ಹಾಗಿಲ್ಲ, ಸುಲಿದು ಚೊಗರಲ್ಲಿ, ಅಂದ್ರೆ ಮುಂಚೆ ಅಡಿಕೆ ಬೇಯಿಸಿ ಉಳಿದ ರಸದಲ್ಲಿ, ಬೇಯಿಸಿ ಒಣಗೋಕೆ ಚಪ್ಪರಕ್ಕೆ ಹಾಕ್ಲೇಬೇಕು, ಆವಾಗ ಸುಲಿಯೋ ಮಷೀನ್ ಎಲ್ಲಿತ್ತು, ಕಾಲಲ್ಲಿ ಮೆಟ್ಟಿ ಹಿಡಿಯೋ ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರೇ ಮಷೀನು. ಹಗಲು ಅವರವರ ಮನೆ ಕೆಲಸ ಮುಗಿಸಿ, ಊಟ ಮಾಡಿ, ಮಕ್ಕಳನ್ನ ಮಲಗಿಸಿ ಅಥವಾ ಎತ್ಕೊಂಡೇ ಬರ್ತಿದ್ರು, ಡಬ್ಬದ ಲೆಕ್ಕದಲ್ಲಿ ಕೂಲಿ, ಹನ್ನೆರಡು ಒಂದು ಗಂಟೆ ತನಕ ಸುಲೀತಿದ್ರು. ನಿಮ್ಮ ಮನೆಯಲ್ಲಿ ಟಿವಿ ಬಂದ ವರ್ಷ ನಿಮ್ಮಪ್ಪ ಅದನ್ನ ಒಳಗಡೆ ಇಡದೆ ಸುಲಿತದ ದಿನಗಳಲ್ಲಿ ಜಗಲಿಗೇ ತಂದಿಟ್ರಲ್ಲ, ಅಂಗಳದ ಕಡೆ ಮುಖ ಮಾಡಿ. ಅದೊಂದು ದೊಡ್ಡ ಕೆಲಸ ಅಂತ ನಾನು ಈಗ್ಲೂ ಹೇಳ್ತೀನಿ. ಟಿವಿ ಇದ್ದ ಎಷ್ಟೋ ಮನೆಗಳಲ್ಲಿ ಕೆಲಸಕ್ಕೆ ಬಂದವರು ಕಿಟಕಿ ಸರಳು ಹಿಡ್ಕೊಂಡು ನಿಂತು ನೋಡ್ಬೇಕಿತ್ತು.

ಸಿಗ್ನಲ್ಲಿಗೆ ಪಟ್ಟ ಪಾಡು ಮರೆಯೋ ಹಾಗೇ ಇಲ್ಲ. 1984ರಲ್ಲಿ ದೇಶದಲ್ಲೆಲ್ಲಾ ದಿನಕ್ಕೊಂದು ಅನ್ನೋ ಹಾಗೆ ಟ್ರಾನ್ಸ್‌ಮಿಟರ್ ಹಾಕಿದ್ರಂತೆ, ಆದ್ರೆ ಸಣ್ಣ ಊರಿನ ಆ 100 ವ್ಯಾಟಿನ ಟ್ರಾನ್ಸ್‌ಮಿಟರ್ರು ಬಯಲಲ್ಲಾದ್ರೆ ಒಂದು ಹದಿನೈದು ಕಿಲೋಮೀಟರ್ ಮುಟ್ಟೀತು, ನಮ್ಮಲ್ಲಿ ಎದುರಿಗೆ ಗುಡ್ಡ, ಹಿಂದೆ ಗುಡ್ಡ, ಆ ತರಂಗಗಳು ನೇರ ದಾರಿಯಲ್ಲೇ ಬರ್ಬೇಕು, ಗುಡ್ಡ ಸುತ್ಕೊಂಡು ಬರಲ್ಲ. ಅದಕ್ಕೇ ಎರಡು ಬಿದಿರು ಗಳ ಜೋಡಿಸಿ ಆಂಟೆನಾ ಅಷ್ಟು ಎತ್ತರಕ್ಕೆ ಕಟ್ಟಿದ್ದು, ಬೂಸ್ಟರ್ ಹಾಕಿದ್ದು. ಯೋಚನೆ ಮಾಡು, ದೆಹಲಿಯಲ್ಲಿ ಹಾಕಿದ ಸಿನಿಮಾ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಇನ್ಸಾಟ್ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಇಳಿದು ಟ್ರಾನ್ಸ್‌ಮಿಟರ್‌ಗೆ ಬಂದು, ಕೊನೇ ನಾಲ್ಕು ಮೈಲಿ ಮಾತ್ರ ನೀನು ಗಳ ತಿರುಗಿಸ್ತಾ, ನಾನು ಜಗಲಿಯಿಂದ "ಬಂತು, ಬಂತು, ಹೋಯ್ತು, ಸ್ವಲ್ಪ ಹಿಂದೆ" ಅಂತ ಕೂಗ್ತಾ ಇದ್ರೇನೇ ನಮ್ಮ ಅಂಗಳಕ್ಕೆ ಬರ್ತಿದ್ದದ್ದು. ವೋಲ್ಟೇಜ್ ಇಳಿದ್ರೆ ಚಿತ್ರ ನಾಲ್ಕೂ ಕಡೆಯಿಂದ ಕುಗ್ತಿತ್ತು, ಕರೆಂಟೇ ಹೋದ್ರೆ ನಿಮ್ಮಣ್ಣ ಕಾರಿನ ಬ್ಯಾಟರಿ ತಂದು ಹಚ್ತಿದ್ದ, ಆ ಸಣ್ಣ ಬ್ಲ್ಯಾಕ್ ಆಂಡ್ ವೈಟ್ ಸೆಟ್ಟು ಹನ್ನೆರಡು ವೋಲ್ಟಿಗೂ ಓಡ್ತಿತ್ತಲ್ಲ.

ಶುಕ್ರವಾರ ಶನಿವಾರ ರಾತ್ರಿ ಹಿಂದಿ ಸಿನಿಮಾ. ನಮ್ಮ ಅಂಗಳದಲ್ಲಿ ಹಿಂದಿ ಬರ್ತಿದ್ದೋರು ಯಾರು ಹೇಳು? ಶಾಲೆಯಲ್ಲಿ ಕಲಿತಿದ್ದ ನಾವಿಬ್ಬರೇ. ಕೆಲವು ಸಲ ಎನ್‌ಎಫ್‌ಡಿಸಿ (ಸಿನಿಮಾಗೆ ದುಡ್ಡು ಹಾಕೋ ಸರ್ಕಾರಿ ನಿಗಮ) ಅಂತ ಹೆಸರು ಬರೋ ಸಿನಿಮಾ, ಹಾಡಿಲ್ಲ, ಫೈಟಿಲ್ಲ, ಒಬ್ಬ ಮನುಷ್ಯ ಸುಮ್ನೆ ಬಸ್ ಸ್ಟ್ಯಾಂಡಲ್ಲಿ ಕೂತಿರ್ತಾನೆ. ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಪ್ರಶಸ್ತಿ ಸಿನಿಮಾ, ಬಂಗಾಳಿ, ಮಲಯಾಳಂ, ಮರಾಠಿ, ಕೆಳಗಡೆ ಇಂಗ್ಲಿಷಲ್ಲಿ ಅಕ್ಷರ, ಅದನ್ನ ಓದೋಕೂ ನಾವೇ. "ಏನಂತಾನೋ ಅವನು?" ಅಂತ ನಿಮ್ಮತ್ತೆ ಕೇಳೋರು, ನಾವು ಬಾಯಿ ತೆರೆಯೋದ್ರೊಳಗೆ ಕೆಳಗಿನ ಮನೆ ಅಜ್ಜಿ ಹೇಳಿ ಆಗಿರೋದು, "ಅವನೇನು ಹೇಳ್ತಾನೆ, ಮನೆ ಮಾರ್ತೀನಿ ಅಂತಾನೆ, ಅವಳ ಮುಖ ನೋಡು" ಅಂತ. ಹೌದು ಮಾರಾಯ, ಅವನು ಹೇಳಿದ್ದು ಅದನ್ನೇ! ಒಂದಕ್ಷರ ಗೊತ್ತಿಲ್ಲದ ಭಾಷೆ, ಕೈ ನಿಲ್ಲಿಸೋ ಹಾಗಿಲ್ಲ, ಕತ್ತಿ ಮೇಲೆ ಒಂದು ಕಣ್ಣು, ಟಿವಿ ಮೇಲೆ ಒಂದು ಕಣ್ಣು, ಅಷ್ಟರಲ್ಲೇ ಆ ಅಜ್ಜಿಗೆ ಯಾರ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗ್ತಿತ್ತು.

ನಾನು ಆಮೇಲೆ ಬೆಂಗಳೂರಿಗೆ ಬಂದು ಫಿಲ್ಮ್ ಸೊಸೈಟಿಗೆಲ್ಲಾ ಹೋದೆ, ತುಂಬಾ ಓದಿದೋರ ಮಾತು ಕೇಳ್ದೆ, ಒಳ್ಳೇ ಮಾತುಗಳೇ. ಆದ್ರೆ ಸಿನಿಮಾ ನೋಡೋದು ಅಂದ್ರೇನು ಅಂತ ನಾನು ಕಲಿತಿದ್ದು ಆ ಹೆಂಗಸರ ಹತ್ರ, ಇದನ್ನ ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ. ಯಾವ ಪಾತ್ರನೂ ಅವರಿಗೆ ಹೊರಗಿನವರಲ್ಲ. ಹೀರೋಯಿನ್ನಿಗೆ ಬೈಯೋರು, ಬುದ್ಧಿ ಹೇಳೋರು, ವಿಲನ್ನಿನ ಅಮ್ಮನ ಬಗ್ಗೆ ಪಾಪ ಅನ್ನೋರು. ಜಾಹೀರಾತು ಬಂದ್ರೆ ಎದ್ದು ಸಿಪ್ಪೆ ಗುಡ್ಡೆ ಹಾಕಿ, ಎಲೆ ಅಡಿಕೆ ಹಾಕ್ಕೊಂಡು, ಅಲ್ಲಿವರೆಗಿನ ಕಥೆನ ಮತ್ತೆ ಹೇಳ್ಕೊಂಡು, ಅದಕ್ಕೆ ಊರಿನ ಯಾವುದೋ ಮನೆ ಕಥೆ ಸೇರಿಸಿ ಮತ್ತೆ ಕೂರೋರು.

ತಬರನ ಕಥೆ ಬಂದಿದ್ದು ನೆನಪಿದ್ಯಾ? ಅದನ್ನ ಮಾಡಿದ ಗಿರೀಶ ಕಾಸರವಳ್ಳಿ ನಮ್ಮ ತೀರ್ಥಹಳ್ಳಿ ತಾಲೂಕು ಕೆಸಲೂರಿನವರು, ಕಥೆ ತೇಜಸ್ವಿದು, 1986ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು, ತಬರನ ಪಾತ್ರ ಮಾಡಿದ ಚಾರುಹಾಸನ್‌ಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು, ಆದ್ರೂ ನಾವು ಅದನ್ನ ನೋಡಿದ್ದು ಟಾಕೀಸಲ್ಲಲ್ಲ, ಟಿವಿಯಲ್ಲೇ. ಅವತ್ತು ಯಾರೂ ಏನು ಹೇಳ್ತಾನೆ ಅಂತ ಕೇಳ್ಲಿಲ್ಲ, ನಮ್ಮದೇ ಮಾತಲ್ವಾ. ತಬರ ಪೆನ್ಶನ್ನಿಗೆ ಆಫೀಸು ಆಫೀಸು ಅಲೀತಾನೆ, ಅತ್ಲಾಗೆ ಹೆಂಡತಿ ಕಾಲು ಕೊಳೀತಾ ಹೋಗುತ್ತೆ, ದುಡ್ಡು ಬರಲ್ಲ. ಮೂಲೆಯಲ್ಲಿ ಕೂತಿದ್ದ ಒಬ್ಬರು ವಿಧವಾ ವೇತನಕ್ಕೆ ಅರ್ಜಿ ಕೊಟ್ಟು ಓಡಾಡ್ತಿದ್ದೋರು, ಸಿನಿಮಾ ಮುಗಿದ ಮೇಲೆ ಕತ್ತಿ ಪಕ್ಕಕ್ಕಿಟ್ಟು ನಿಮ್ಮಪ್ಪನ್ನ ಕೇಳಿದ್ರು, "ಅಯ್ಯಾ, ನನ್ನ ಅರ್ಜಿ ಒಂಚೂರು ನೋಡ್ತೀರಾ" ಅಂತ. ಅಲ್ಲಿವರೆಗೆ ಅವರು ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ನಿಮ್ಮಪ್ಪ ಮರುದಿನವೇ ತಾಲೂಕಾಫೀಸಿಗೆ ಹೋದ್ರು, ಆಮೇಲೂ ಸುಮಾರು ಸಲ ಹೋದ್ರು, ಕೊನೆಗೂ ಮಾಡಿಸಿಕೊಟ್ರು.

ನೀನು ಕೇಳಿದ್ದಕ್ಕೆ ಉತ್ತರ ಇದೇ ಕಣೋ. ಮೊಬೈಲಲ್ಲಿ ನಾನು ಅದೇ ಸಿನಿಮಾ ಮತ್ತೆ ನೋಡಿದೀನಿ, ಈಗ್ಲೂ ಕಣ್ಣಲ್ಲಿ ನೀರು ಬರುತ್ತೆ, ಆದ್ರೆ ಪಕ್ಕದಲ್ಲಿ ಕೂತು ನನ್ನ ಅರ್ಜಿ ನೋಡ್ತೀರಾ ಅಂತ ಕೇಳೋರು ಇಲ್ಲ. ನಾವಾಗಿ ಹುಡುಕಿ ಆರಿಸಿದ್ರೆ ಆ ಬಸ್ ಸ್ಟ್ಯಾಂಡಲ್ಲಿ ಸುಮ್ನೆ ಕೂತ ಮನುಷ್ಯನ ಸಿನಿಮಾನ ಆ ಅಂಗಳದಲ್ಲಿ ಯಾರೂ ಆರಿಸ್ತಿರ್ಲಿಲ್ಲ, ಬೇರೆ ಚಾನೆಲ್ ಇರ್ಲಿಲ್ಲ, ಅಡಿಕೆ ಮುಗಿಯೋ ತನಕ ಏಳೋ ಹಾಗಿರ್ಲಿಲ್ಲ, ಅದಕ್ಕೇ ನೋಡಿದ್ರು, ನೋಡ್ತಾ ನೋಡ್ತಾ ಅವನನ್ನೂ ತಮ್ಮವನು ಮಾಡ್ಕೊಂಡ್ರು.

ಈಗ ಸುಲಿಯೋದು ಮಷೀನು. ಕೈ ನೋವು ತಪ್ತು, ನಿದ್ದೆಗೆಡೋದು ತಪ್ತು, ಅದು ಒಳ್ಳೇದೇ ಆಯ್ತು, ಅದರ ಬಗ್ಗೆ ನಂಗೆ ಬೇಜಾರಿಲ್ಲ. ಆಂಟೆನಾಗೆ ಸಿಗ್ನಲ್ ಕೊಡ್ತಿದ್ದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನೂ 2022ರ ಮಾರ್ಚ್ ಒಳಗೆ, ಗಡಿ ಗಿಡಿ ಅಂತ ಸುಮಾರು 50 ಬಿಟ್ಟು, ಮುಚ್ಚೋದು ಅಂತ ದೂರದರ್ಶನ ನಡೆಸೋ ಪ್ರಸಾರ ಭಾರತಿ ಹೇಳಿತ್ತು.

ಈಗ ಒಂದು ಕೆಲಸ ಹೇಳ್ತೀನಿ, ಮಾಡು. ಒಂದು ರಾತ್ರಿ ಕರೆಂಟ್ ಹೋಗಿ, ಬ್ಯಾಟರಿನೂ ಡೌನ್ ಆಗಿ, ಸಿನಿಮಾ ಅರ್ಧಕ್ಕೇ ನಿಂತಿತ್ತಲ್ಲ, ಒಬ್ಬಳು ಟ್ರಂಕು ಹಿಡ್ಕೊಂಡು ರೈಲ್ವೆ ಸ್ಟೇಷನ್ನಲ್ಲಿ ನಿಂತಿರ್ತಾಳೆ, ವಾಪಸ್ ಹೋಗೋದೋ ಬೇಡ್ವೋ ಅಂತ. ಅವತ್ತು ಉಳಿದ ಕಥೆನ ಕತ್ತಲಲ್ಲೇ ಲಾಟೀನು ಇಟ್ಕೊಂಡು ಅವರೇ ಕಟ್ಟಿದ್ರು, ಹೋಗ್ಲಿ ಅಂತ ಒಂದು ಪಾರ್ಟಿ, ಬೇಡ ಅಂತ ಒಂದು ಪಾರ್ಟಿ, ಜಗಳನೇ ಆಯ್ತು. ನಂಗೆ ಆ ಸಿನಿಮಾದ ಹೆಸರು ಗೊತ್ತಿಲ್ಲ, ಯಾವ ಭಾಷೆ ಅಂತಾನೂ ನೆನಪಿಲ್ಲ. ನಿಮ್ಮತ್ತೆ ಬೇಡ ಅನ್ನೋ ಪಾರ್ಟಿಯಲ್ಲಿದ್ರು, ಅವರಿಗೆ ಇಂಥದ್ದು ಮರೆಯಲ್ಲ. ಈ ಭಾನುವಾರ ಫೋನ್ ಮಾಡಿ ಕೇಳು, ಹೆಸರು ಗೊತ್ತಿಲ್ದೇ ಇದ್ರೂ ಪರ್ವಾಗಿಲ್ಲ, ಅವಳು ಯಾಕೆ ವಾಪಸ್ ಹೋಗಬಾರ್ದಿತ್ತು ಅಂತ ಅವರು ಅವತ್ತು ಹೇಳಿದ್ದನ್ನ ಹೇಳಿಸಿ ರೆಕಾರ್ಡ್ ಮಾಡಿ ಕಳ್ಸು.

ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು. ಚಳಿ ಜಾಸ್ತಿ ಅಂತಿದ್ದೆ, ಜೋಪಾನ.

ಇಂತಿ ನಿನ್ನ ಗೆಳೆಯ